ಸೌನದ ಅರ್ಥವೆಲ್ಲ ಲೊಯ್ಲು ಎಂಬ ಒಂದು ಪದದಲ್ಲಿದೆ

ಪ್ರಶ್ನೆ: ನಮ್ಮ ಮಗಳು ಮತ್ತು ಅಳಿಯ ಫಿನ್ಲೆಂಡಿನ ಎಸ್ಪೋ ನಗರದಲ್ಲಿ ಕೆಲಸದಲ್ಲಿದ್ದಾರೆ. ಬರುವ ಜೂನ್ ತಿಂಗಳಲ್ಲಿ ನಾನೂ ನನ್ನ ಯಜಮಾನರೂ ಅಲ್ಲಿಗೆ ಹೋಗಲಿದ್ದೇವೆ. ಅಳಿಯನ ಸಹೋದ್ಯೋಗಿಯೊಬ್ಬರು ಬೇಸಗೆಯ ಹಬ್ಬಕ್ಕೆ ಸರೋವರದ ಬಳಿಯ ತಮ್ಮ ಮನೆಗೆ ನಮ್ಮೆಲ್ಲರನ್ನೂ ಕರೆದಿದ್ದು, ಸೌನಾ ಸ್ನಾನಕ್ಕೆ ತಯಾರಾಗಿ ಬನ್ನಿ ಎಂದಿದ್ದಾರಂತೆ. ಇದು ನಮ್ಮ ಜಿಮ್‌ಗಳಲ್ಲಿರುವ ಹಬೆ ಸ್ನಾನವೇ ತಾನೇ? ಅದಕ್ಕೆ ಅಲ್ಲಿಯ ಜನ ಅಷ್ಟು ಮಹತ್ವ ಕೊಡುವುದೇಕೆ? ಬಟ್ಟೆ ಇಲ್ಲದೆ ಕೂರಬೇಕು ಎನ್ನುವುದು ನಿಜವೇ? ಯಜಮಾನರಿಗೆ 68 ವರ್ಷ, ಬಿ.ಪಿ. ಮಾತ್ರೆ ತೆಗೆದುಕೊಳ್ಳುತ್ತಾರೆ. ಅವರು ಹೋಗಬಹುದೇ?
— ಶಿವಮೊಗ್ಗದ ಓದುಗರೊಬ್ಬರು

ಉತ್ತರ: ತಮ್ಮ ಪ್ರಶ್ನೆಗಳಲ್ಲಿ ಯಜಮಾನರ ಆರೋಗ್ಯದ್ದು ಎಲ್ಲಕ್ಕಿಂತ ಮುಖ್ಯವಾದುದರಿಂದ ಅದಕ್ಕೆ ಮೊದಲೇ ಚಿಕ್ಕದಾಗಿ ಹೇಳಿಬಿಡುತ್ತೇನೆ. ರಕ್ತದೊತ್ತಡವು ಮಾತ್ರೆಯಿಂದ ಹತೋಟಿಯಲ್ಲಿದ್ದು, ಹೃದಯದ ಬೇರೆ ತೊಂದರೆ ಇಲ್ಲದಿದ್ದರೆ, ತಮ್ಮ ವೈದ್ಯರನ್ನು ಒಂದು ಮಾತು ಕೇಳಿಕೊಂಡು ಅವರು ಹೋಗಬಹುದು. ಪಾಲಿಸಬೇಕಾದ ಎಚ್ಚರಿಕೆಗಳನ್ನು ಮುಂದೆ ಬರೆದಿದ್ದೇನೆ. ಉಳಿದ ಪ್ರಶ್ನೆಗಳಿಗೆ ಇಷ್ಟು ಚಿಕ್ಕ ಉತ್ತರ ಸಾಲದು. ಕಟ್ಟಡಗಳೊಳಗಿನ ಶಾಖ ಮತ್ತು ತೇವದ ಅಧ್ಯಯನ ನನ್ನ ವೃತ್ತಿ. ಆ ಕೆಲಸದ ಮೇಲೆ ಒಂಬತ್ತು ವರ್ಷ ಫಿನ್ಲೆಂಡಿನಲ್ಲಿದ್ದೆ. ವಾರಕ್ಕೊಮ್ಮೆಯಾದರೂ ಸೌನದಲ್ಲಿ ಕುಳಿತಿದ್ದೇನೆ, ಎಷ್ಟೋ ಸೌನಗಳ ತಾಪಮಾನವನ್ನು ಅಳೆದಿದ್ದೇನೆ. ಆದರೂ ಅದು ಏನೆಂಬುದು ಮನದಟ್ಟಾಗಲು ಅವರ ಭಾಷೆಯ ಒಂದು ಪದ ನನಗೆ ಅರ್ಥವಾಗಬೇಕಾಯಿತು.

ಆ ಪದಕ್ಕೆ ಬರುವ ಮುನ್ನ ಉಚ್ಚಾರದ ಬಗ್ಗೆ ಒಂದು ಮಾತು. ಇಂಗ್ಲಿಷಿನವರು ‘ಸಾನಾ’ ಎನ್ನುತ್ತಾರೆ, ನಾವು ಅದನ್ನು ಕೇಳಿ ‘ಸೌನಾ’ ಎಂದು ಬರೆಯುತ್ತೇವೆ. ಫಿನ್ನಿಶ್ ಭಾಷೆಯಲ್ಲಿ ಮೊದಲ ಅಕ್ಷರ ನಮ್ಮ ‘ಸೌ’ ಇದ್ದಂತೆಯೇ ಇದ್ದು, ಕೊನೆಯದು ಹ್ರಸ್ವವಾಗಿ ನಿಲ್ಲುತ್ತದೆ. ಆದ್ದರಿಂದ ‘ಸೌನ’ ಎಂದು ಬರೆದರೆ ಕನ್ನಡ ಲಿಪಿಯಲ್ಲಿ ಅದು ಹೆಚ್ಚುಕಡಿಮೆ ಪೂರ್ತಿ ಸರಿಯಾಗಿ ಬರುತ್ತದೆ. ನಾನು ಇಲ್ಲಿ ಹಾಗೆಯೇ ಬರೆಯುತ್ತೇನೆ. ಉತ್ತರದ ಸಾಮಿ ಜನರ ಭಾಷೆಯಲ್ಲಿ ಹಿಮದಲ್ಲಿ ತೋಡಿದ ಗುಳಿಗೆ ಇರುವ ಒಂದು ಪದದೊಡನೆ ಭಾಷಾತಜ್ಞರು ಇದಕ್ಕೆ ನಂಟು ಹೇಳುತ್ತಾರೆ. ಅತಿ ಹಳೆಯ ಸೌನಗಳು ದಿಬ್ಬದ ಇಳಿಜಾರಿನಲ್ಲಿ ಗುಳಿ ತೋಡಿ, ಮೇಲೆ ಹೊದಿಕೆ ಹಾಕಿ, ಒಳಗೆ ಕಾಯಿಸಿದ ಕಲ್ಲುಗಳನ್ನಿಟ್ಟ ಆಸರೆಗಳಾಗಿದ್ದುವು ಎಂಬ ತಿಳಿವಳಿಕೆಗೆ ಇದು ಹೊಂದುತ್ತದೆ.

ಈಗ ಆ ಇನ್ನೊಂದು ಪದ: ಲೊಯ್ಲು. ಕಾದ ಕಲ್ಲುಗಳ ಮೇಲೆ ಒಂದು ಸೌಟು ನೀರು ಹಾಕಿದಾಗ ಎದ್ದು, ಮಾಡಿಗೆ ತಾಗಿ, ಅಲ್ಲಿಂದ ಕೂತವರ ಭುಜದ ಮೇಲೆ ಇಳಿದು ಬರುವ ಬಿಸಿ ಉಸಿರಿನಂಥ ಹಬೆಗೆ ಈ ಹೆಸರು. ಇದು ಸೌನಕ್ಕಿಂತಲೂ ಹಳೆಯ ಅರ್ಥಗಳನ್ನು ಹೊತ್ತ ಪದ. ಫಿನ್ನಿಶ್‌ಗೆ ದೂರದ ಬಂಧುವಾದ ಹಂಗೇರಿಯನ್ ಭಾಷೆಯಲ್ಲಿ ಇದರ ಸಹೋದರ ಪದವಾದ ‘ಲೇಲೆಕ್’ ಎಂಬುದಕ್ಕೆ ಇಂದಿಗೂ ಆತ್ಮ ಎಂದೇ ಅರ್ಥ. ಹಿಂದೆ ಫಿನ್ನರಲ್ಲಿಯೂ ಲೊಯ್ಲು ಎಂದರೆ ಉಸಿರು, ಜೀವ ಎಂಬ ಭಾವವಿತ್ತು. ಸತ್ತವರನ್ನು ಕುರಿತು ‘ಉಸಿರು ಹೋಯಿತು’ ಎನ್ನುವ, ಬದುಕಿರುವವರೆಗೂ ಎನ್ನಲು ‘ಉಸಿರಿರುವವರೆಗೂ’ ಎನ್ನುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಲ್ಲಿನಲ್ಲಿ ಅಡಗಿದ್ದ ಜೀವವನ್ನು ನೀರು ಎಬ್ಬಿಸುತ್ತದೆ ಎಂಬ ಭಾವನೆ ಆ ಒಂದು ಪದದಲ್ಲಿ ಉಳಿದುಕೊಂಡಿದೆ. ಸೌನ ಎಂಬುದು ಲೊಯ್ಲು ಹುಟ್ಟುವುದಕ್ಕಾಗಿ ಕಟ್ಟಿದ ಮನೆ. ಲೊಯ್ಲು ಇಲ್ಲದ ಕೋಣೆ ಎಷ್ಟೇ ಬಿಸಿಯಾಗಿದ್ದರೂ ಅದನ್ನು ಅವರು ಸೌನವೆಂದು ಒಪ್ಪುವುದಿಲ್ಲ.

ತಮ್ಮ ಮೊದಲ ಪ್ರಶ್ನೆಗೆ ಉತ್ತರವೂ ಇದರಲ್ಲೇ ಇದೆ. ನಮ್ಮ ಜಿಮ್‌ಗಳ ಹಬೆ ಸ್ನಾನದ ಕೋಣೆಯಲ್ಲಿ ತಾಪಮಾನ 40ರಿಂದ 50 ಡಿಗ್ರಿ ಸೆಲ್ಸಿಯಸ್ ಮಾತ್ರ. ಗಾಳಿಯಲ್ಲಿ ತೇವ ಪೂರ್ತಿ ತುಂಬಿ, ಮಂಜಿನಲ್ಲಿ ಕೂತಂತೆ ಕಣ್ಣು ಮಸುಕಾಗುತ್ತದೆ. ಸೌನದಲ್ಲಿ ಮರದ ಗೋಡೆಗಳ ನಡುವೆ 80ರಿಂದ 100 ಡಿಗ್ರಿಯವರೆಗೆ ಶಾಖವಿರುತ್ತದೆ, ಗಾಳಿ ತಿಳಿಯಾಗಿರುತ್ತದೆ, ಸಾಪೇಕ್ಷ ತೇವಾಂಶ ಶೇ. 10ರಿಂದ 20ರಷ್ಟಿರುತ್ತದೆ. ಇನ್ನು, ಇಲ್ಲಿಯ ಕೆಲವು ಹೋಟೆಲು ಮತ್ತು ಜಿಮ್‌ಗಳಲ್ಲಿ ‘ಸೌನಾ’ ಎಂದು ಬರೆದ ಕೋಣೆಯೊಳಗೆ ವಿದ್ಯುತ್ ಹೀಟರ್ ಇಟ್ಟು, ಅದರ ಪಕ್ಕದಲ್ಲೇ ‘ನೀರು ಹಾಕಬಾರದು’ ಎಂಬ ಫಲಕ ತೂಗುಹಾಕಿರುವುದನ್ನು ನಾನು ಕಂಡಿದ್ದೇನೆ. ಅಲ್ಲಿ ಬೆವರು ಬರುವುದು ನಿಜ, ಲೊಯ್ಲು ಬರುವುದಿಲ್ಲ.

ಕಾಯಿಸಿದ ಮನೆಯಲ್ಲಿ ಬೆವರಿಸುವ ಪದ್ಧತಿ ನಮ್ಮಲ್ಲೂ ಇತ್ತಲ್ಲವೇ ಎಂದು ತಾವು ಮುಂದೆ ಕೇಳಬಹುದು. ಇತ್ತು. ಚರಕ ಸಂಹಿತೆಯ ಸ್ವೇದ ಪ್ರಕರಣದಲ್ಲಿ ಬರುವ ‘ಜೇಂತಾಕ’ದ ವರ್ಣನೆ ಓದಿದರೆ ಬೆರಗಾಗುತ್ತದೆ: ಕೆರೆಯ ದಂಡೆಯಲ್ಲಿ, ನೀರಿನಿಂದ ಏಳೆಂಟು ಮೊಳ ದೂರದಲ್ಲಿ ಮಣ್ಣಿನ ದುಂಡು ಮನೆ, ಒಳಗೆ ಗೋಡೆಯುದ್ದಕ್ಕೂ ಜಗಲಿ, ನಡುವೆ ಸಣ್ಣ ತೂತುಗಳ ಮಣ್ಣಿನ ಒಲೆ, ಸೌದೆ ಉರಿದು ಹೊಗೆ ಪೂರ್ತಿ ಹೋದ ಮೇಲೆಯೇ ರೋಗಿಯನ್ನು ಒಳಗೆ ಬಿಡಬೇಕೆಂಬ ವಿಧಿ. ಹೊರಗೆ ಬಂದೊಡನೆ ತಣ್ಣೀರು ಮುಟ್ಟಬೇಡ ಎಂಬ ಎಚ್ಚರಿಕೆಯೂ ಅಲ್ಲಿದೆ. ಆದರೆ ಅದು ವೈದ್ಯ ರೋಗಿಗೆ ಮಾಡುವ ಚಿಕಿತ್ಸೆ. ಮನೆಮಂದಿಯೆಲ್ಲ ವಾರಕ್ಕೊಮ್ಮೆ ಕೂಡುವ ಜಾಗವಲ್ಲ, ಅಲ್ಲಿ ಕಲ್ಲಿಗೆ ನೀರು ಹಾಕುವುದೂ ಇಲ್ಲ. ಎರಡಕ್ಕೂ ಚರಿತ್ರೆಯ ಸಂಬಂಧ ಕಲ್ಪಿಸಲು ಆಧಾರವಿಲ್ಲ.

ತೊಂಬತ್ತು ಡಿಗ್ರಿ ಎಂದೊಡನೆ ತಮಗೆ ಗಾಬರಿಯಾಗುವುದು ಸಹಜ. ಅಷ್ಟು ಬಿಸಿಯ ನೀರಿಗೆ ಕೈ ಅದ್ದಿದರೆ ಬೊಬ್ಬೆ ಏಳುತ್ತದೆ, ಅಷ್ಟೇ ಬಿಸಿಯ ಗಾಳಿಯಲ್ಲಿ ಹತ್ತು ನಿಮಿಷ ಕೂರುವುದು ಹೇಗೆ? ಗಾಳಿ ಹಿಡಿದಿಟ್ಟುಕೊಳ್ಳುವ ಶಾಖ ನೀರಿಗೆ ಹೋಲಿಸಿದರೆ ತೀರ ಕಡಿಮೆ. ಅದು ಶಾಖವನ್ನು ಮೈಗೆ ದಾಟಿಸುವುದೂ ನಿಧಾನ. ಹಬೆಯ ಮಾತು ಬೇರೆ. ಇಡ್ಲಿ ಪಾತ್ರೆಯ ಮುಚ್ಚಳ ತೆಗೆಯುವಾಗ ಹಬೆ ಬೆರಳಿಗೆ ಬಡಿದರೆ ಎಷ್ಟು ಚುರುಕು ಮುಟ್ಟುತ್ತದೆಂದು ಅಡುಗೆ ಮಾಡುವವರೆಲ್ಲ ಬಲ್ಲರು. ತಣ್ಣೀರು ತುಂಬಿದ ಸ್ಟೀಲ್ ಲೋಟದ ಹೊರಮೈ ಮೇಲೆ ಹನಿಗಳು ಕೂರುವಂತೆ, ಲೊಯ್ಲು ಹಾಕಿದಾಗ ನಮ್ಮ ಚರ್ಮದ ಮೇಲೆಯೂ ಗಾಳಿಯ ಹಬೆ ನೀರಾಗಿ ಕೂರುತ್ತದೆ. 80 ಡಿಗ್ರಿ ಬಿಸಿಯ ಸೌನದಲ್ಲಿ ತೇವಾಂಶ ಶೇ. 15ರಷ್ಟಿದ್ದರೆ ಆ ಗಾಳಿಯ ಇಬ್ಬನಿ ಬಿಂದು, ಅಂದರೆ ಅದರೊಳಗಿನ ಹಬೆ ನೀರಾಗತೊಡಗುವ ತಾಪಮಾನ, ಸುಮಾರು 39 ಡಿಗ್ರಿ; ನಮ್ಮ ಚರ್ಮ ಅದಕ್ಕಿಂತ ತಂಪಾಗಿರುವುದರಿಂದ ಆ ಬಿಸಿಯೊಳಗೆ ನಾವೇ ತಣ್ಣನೆಯ ಲೋಟಗಳಾಗಿ ಕೂತಿರುತ್ತೇವೆ. ಒಂದು ಗ್ರಾಂ ಹಬೆ ಹೀಗೆ ನೀರಾಗುವಾಗ ಬಿಟ್ಟುಕೊಡುವ ಶಾಖವು ಒಂದು ಗ್ರಾಂ ನೀರನ್ನು ಒಂದು ಡಿಗ್ರಿ ಬಿಸಿ ಮಾಡಲು ಬೇಕಾದುದರ 500 ಪಟ್ಟಿಗೂ ಹೆಚ್ಚು. ಥರ್ಮಾಮೀಟರಿನ ಮುಳ್ಳು ಅಲುಗದಿದ್ದರೂ ಬೆನ್ನ ಮೇಲೆ ಬೆಂಕಿಯ ಶಾಲು ಹೊದಿಸಿದಂತೆ ಆಗುವುದು ಇದರಿಂದಲೇ. ಮೈಯಿಂದ ಇಳಿಯುವ ನೀರಿನಲ್ಲಿ ಒಂದು ಪಾಲು ನಮ್ಮ ಬೆವರಲ್ಲ, ಕಲ್ಲಿನಿಂದ ಎದ್ದು ಬಂದ ನೀರು.

ಆದ್ದರಿಂದಲೇ ಫಿನ್ನರು ಒಂದು ಸೌನವನ್ನು ಹೊಗಳುವಾಗ ಎಷ್ಟು ಡಿಗ್ರಿ ಎಂದು ಹೇಳುವುದಿಲ್ಲ. ‘ಅಲ್ಲಿ ಲೊಯ್ಲು ಮೆತ್ತಗಿದೆ’ ಎನ್ನುತ್ತಾರೆ, ಸರಿಯಿಲ್ಲದಿದ್ದರೆ ‘ಚೂಪಾಗಿದೆ’ ಎನ್ನುತ್ತಾರೆ. ಈ ಮೆದುತನ ಒಲೆಯನ್ನು ಅವಲಂಬಿಸಿದೆ. ಒಲೆಗೆ ಅವರ ಹೆಸರು ಕಿಯುಅಸ್. ಅದರಲ್ಲಿ ಕಲ್ಲು ಹೆಚ್ಚಿರಬೇಕು, ಕಲ್ಲು ಒಳಗಿನವರೆಗೂ ಕಾದಿರಬೇಕು. ಕಾದು ತಣಿದು ಬಿರುಕು ಬಿಡದ, ಕರಿ ಬಣ್ಣದ ಭಾರವಾದ ಅಗ್ನಿಶಿಲೆಯ ಜಾತಿಯ ಕಲ್ಲುಗಳನ್ನೇ ಆರಿಸುತ್ತಾರೆ. ಕೂರುವ ಹಲಗೆಗಳು ಮೆಟ್ಟಿಲಿನಂತೆ ಮೇಲೆ ಮೇಲೆ ಇರುತ್ತವೆ. ಬಿಸಿ ಗಾಳಿ ಮೇಲಕ್ಕೇರುವುದರಿಂದ ಮೇಲಿನ ಹಲಗೆಯಲ್ಲಿ ಕೂತವರ ಪಾದಗಳೂ ಕಲ್ಲುಗಳ ಮಟ್ಟಕ್ಕಿಂತ ಎತ್ತರದಲ್ಲಿರಬೇಕೆಂಬುದು ಒಳ್ಳೆಯ ಸೌನ ಕಟ್ಟುವವರ ನಿಯಮ; ಇಲ್ಲದಿದ್ದರೆ ತಲೆ ಬೇಯುತ್ತದೆ, ಕಾಲು ತಣ್ಣಗಿರುತ್ತದೆ. ಹೊಸಬರು ಕೆಳಗಿನ ಹಲಗೆಯಿಂದ ಆರಂಭಿಸಿದರೆ ಯಾರೂ ಆಕ್ಷೇಪಿಸುವುದಿಲ್ಲ.

ಎಲ್ಲಕ್ಕಿಂತ ಮೆತ್ತಗಿನ ಲೊಯ್ಲು ಹೊಗೆ ಸೌನದ್ದು ಎಂದು ಹಿರಿಯರ ತೀರ್ಮಾನ. ಇದು ಚಿಮಣಿ ಇಲ್ಲದ ಹಳೆಯ ಬಗೆ. ದೇಶದ ಪೂರ್ವ ಭಾಗದ ಸಾವೋ ಪ್ರಾಂತ್ಯದಲ್ಲಿ, ಒಂದು ಸರೋವರದ ದಂಡೆಯಲ್ಲಿ ನಾನು ಅದನ್ನು ಮೊದಲು ನೋಡಿದೆ. ಮನೆಯ ಹಿರಿಯರು ಬೆಳಿಗ್ಗೆ ಒಂಬತ್ತಕ್ಕೇ ಕಲ್ಲಿನ ಗುಡ್ಡೆಯ ಅಡಿ ಆಲ್ಡರ್ ಮರದ ಸೌದೆ ಒಟ್ಟಿ ಬೆಂಕಿ ಹಾಕಿದ್ದರು. ಹೊಗೆ ಮಾಡಿನವರೆಗೆ ತುಂಬಿ, ಗೋಡೆಯ ಕಿಂಡಿಯಿಂದಲೂ ಅರೆ ತೆರೆದ ಬಾಗಿಲ ಮೇಲ್ಭಾಗದಿಂದಲೂ ನಿಧಾನವಾಗಿ ಹೊರಕ್ಕೆ ಹರಿಯುತ್ತಿತ್ತು. ಅವರು ಇಡೀ ಹಗಲು ಅಲ್ಲಿಂದ ದೂರ ಹೋಗಲಿಲ್ಲ. ಹೊಗೆ ಸೌನಗಳು ಹೊತ್ತಿಕೊಂಡು ಉರಿದುಹೋಗುವುದು ಅಪರೂಪವಲ್ಲ, ಅವನ್ನು ಮನೆಯಿಂದ ದೂರ, ನೀರಿಗೆ ಹತ್ತಿರ ಕಟ್ಟುವುದಕ್ಕೆ ಅದೂ ಒಂದು ಕಾರಣ. ಮಧ್ಯಾಹ್ನ ಮೂರರ ಹೊತ್ತಿಗೆ ಬೆಂಕಿ ತಾನಾಗಿ ಆರಿತು. ಅವರು ಉಳಿದ ಕೆಂಡವನ್ನೆಲ್ಲ ಹೊರಗೆ ತೆಗೆದು, ಹಲಗೆಗಳನ್ನು ತೊಳೆದು, ಕಲ್ಲುಗಳ ಮೇಲೆ ಒಂದು ದೊಡ್ಡ ಸೌಟು ನೀರು ಹಾಕಿ ತಕ್ಷಣ ಹೊರಬಂದರು. ಆ ಮೊದಲ ಲೊಯ್ಲು ಮನುಷ್ಯರಿಗಲ್ಲ. ಕಣ್ಣು ಉರಿಸುವ ಕೊನೆಯ ಹೊಗೆಯನ್ನೂ ಮಸಿಯನ್ನೂ ವಿಷಕಾರಿಯಾದ ಕಾರ್ಬನ್ ಮಾನಾಕ್ಸೈಡನ್ನೂ ಹೊರದೂಡಲು ಅದನ್ನು ಹಾಕುತ್ತಾರೆ. ಆಮೇಲೆ ಒಂದು ಗಂಟೆಗೂ ಹೆಚ್ಚು ಹೊತ್ತು ಸೌನವನ್ನು ಅದರ ಪಾಡಿಗೆ ಬಿಟ್ಟರು.

ನಾವು ಒಳಗೆ ಹೋದಾಗ ಬೆಂಕಿ ಇರಲಿಲ್ಲ, ಸದ್ದೂ ಇರಲಿಲ್ಲ. ಗೋಡೆಗಳು ಇದ್ದಲಿನಂತೆ ಕಪ್ಪಾಗಿದ್ದವು. ಬೆರಳು ತಾಗಿಸಿದರೆ ಬೆರಳೂ ಕಪ್ಪು. ಅಂಗೈಯಗಲದ ಕಿಟಕಿಯಿಂದ ಬಂದ ಬೆಳಕು ನೀರಿನ ಮರದ ಬಕೆಟ್ಟಿನ ಮೇಲೆ ಮಾತ್ರ ಬಿದ್ದಿತ್ತು. ಹಿರಿಯರು ನನ್ನ ಕೈಗೆ ಸೌಟು ಕೊಟ್ಟರು. ನಾನು ನಗರದ ವಿದ್ಯುತ್ ಸೌನಗಳ ಅಭ್ಯಾಸದಂತೆ ನೀರನ್ನು ಒಮ್ಮೆಲೇ ಎರಚಿದೆ. ಅವರು ಏನೂ ಹೇಳದೆ ಸೌಟನ್ನು ಮೆಲ್ಲನೆ ಹಿಂದಕ್ಕೆ ತೆಗೆದುಕೊಂಡು, ದೇವರಿಗೆ ಅಭಿಷೇಕ ಮಾಡುವಷ್ಟು ನಿಧಾನವಾಗಿ ಕಲ್ಲುಗಳ ನಡುವೆ ನೀರು ಬಿಟ್ಟರು. ‘ಚುಂಯ್’ ಎಂಬ ಸದ್ದಿನ ಬದಲು ದೀರ್ಘವಾದ ಒಂದು ನಿಟ್ಟುಸಿರು ಕೇಳಿಸಿತು. ಬಿಸಿ ನನ್ನ ಹೆಗಲಿಗೆ ಬಂದದ್ದು ಸುಮಾರು ಹೊತ್ತಾದ ಮೇಲೆ, ಅದೂ ಉರಿಯದಂತೆ, ಒದ್ದೆ ಬಟ್ಟೆಯನ್ನು ಹೊದಿಸಿದಂತೆ. ಲೊಯ್ಲು ಎಂದರೆ ಉಸಿರು ಎಂಬುದು ನನಗೆ ಆ ದಿನದವರೆಗೆ ಪುಸ್ತಕದ ಮಾತಾಗಿತ್ತು.

ಇಂಥ ಜಾಗಕ್ಕೆ ಅವರು ಕೊಟ್ಟ ಮಹತ್ವವನ್ನು ಹಳೆಯ ಹಳ್ಳಿಯ ಬದುಕಿನಿಂದ ಅರ್ಥಮಾಡಿಕೊಳ್ಳಬೇಕು. ವರ್ಷದಲ್ಲಿ ಹಲವು ತಿಂಗಳು ಹಿಮವಿರುವ ನಾಡಿನ ಹೊಲಮನೆಯಲ್ಲಿ ಬಿಸಿನೀರು, ಶುಚಿತ್ವ, ಏಕಾಂತ ಈ ಮೂರೂ ಒಟ್ಟಿಗೆ ಸಿಗುತ್ತಿದ್ದುದು ಸೌನದಲ್ಲೇ. ಆದ್ದರಿಂದ ಹೆರಿಗೆ ಅಲ್ಲಿಯೇ ಆಗುತ್ತಿತ್ತು. ಹೊಗೆ ಮತ್ತು ಶಾಖದಿಂದ ಶುದ್ಧವಾದ, ಹಿತವಾಗಿ ಬೆಚ್ಚಗಿರಿಸಿದ ಕೋಣೆಯಲ್ಲಿ ಅನುಭವಸ್ಥ ಹೆಂಗಸರು ಹೆರಿಗೆ ಮಾಡಿಸುತ್ತಿದ್ದರು, ಬಾಣಂತಿ ಮಗುವಿನೊಡನೆ ಕೆಲವು ದಿನ ಅಲ್ಲಿಯೇ ಇರುತ್ತಿದ್ದಳು. ಇಪ್ಪತ್ತನೆಯ ಶತಮಾನದಲ್ಲಿ ಆಸ್ಪತ್ರೆಗಳು ಬಂದು ನೆಲೆಯೂರುವವರೆಗೂ ಇದು ಹಳ್ಳಿಗಳಲ್ಲಿ ನಡೆದುಬಂತು. ಬಾಣಂತಿಗೆ ಬಚ್ಚಲ ಹಂಡೆಯ ಬಿಸಿನೀರೆರೆದು, ಸಾಂಬ್ರಾಣಿ ಹೊಗೆ ಕೊಟ್ಟು ಬೆಚ್ಚಗಿಡುವುದನ್ನು ಕಂಡ ತಮಗೆ ಅದರ ತಿರುಳು ಕೂಡಲೇ ತಿಳಿಯುತ್ತದೆ. ಮದುವೆಯ ಮುನ್ನ ಹೆಣ್ಣನ್ನು ಗೆಳತಿಯರು ಸೌನಕ್ಕೆ ಕರೆದೊಯ್ದು ಮೀಯಿಸುತ್ತಿದ್ದರು. ಕೊಂಬಿನಿಂದ ಕೆಟ್ಟ ರಕ್ತ ತೆಗೆಯುವ ಚಿಕಿತ್ಸೆ ನಡೆಯುತ್ತಿದ್ದುದೂ ಅಲ್ಲಿಯೇ. ಸತ್ತವರನ್ನು ಕೊನೆಯ ಬಾರಿ ತೊಳೆಯುತ್ತಿದ್ದುದೂ ಅಲ್ಲಿಯೇ. ಜೊತೆಗೆ ಅಗಸೆ ನಾರು ಒಣಗಿಸಲು, ಮಾಂಸಕ್ಕೆ ಹೊಗೆ ಕೊಡಲು, ಮೊಳಕೆ ಧಾನ್ಯ ಒಣಗಿಸಲು ಅದೇ ಮನೆ. ಸುಗ್ಗಿ ಮುಗಿದ ಮೇಲೆ ಬರುವ ಕೆಕ್ರಿ ಎಂಬ ಹಬ್ಬದಲ್ಲಿ, ಆ ರಾತ್ರಿ ಮನೆಗೆ ಮರಳುವ ಪೂರ್ವಿಕರಿಗಾಗಿ ಸೌನ ಕಾಯಿಸಿಡುವ ಪದ್ಧತಿಯಿತ್ತು. ಸೌನವನ್ನು ಕಾಯುವ ‘ಸೌನತೊಂತ್ತು’ ಎಂಬ ಪುಟ್ಟ ದೈವವೂ ಉಂಟು. ಎಲ್ಲರೂ ಮಿಂದು ಹೊರಬರುವಾಗ ಕೊನೆಯ ಲೊಯ್ಲು ಅದಕ್ಕೆ ಮೀಸಲು. ಒಳಗೆ ಕೂಗಾಡಬಾರದು, ಬೈಯಬಾರದು, ಜಗಳವಾಡಬಾರದು. ‘ಸೌನದಲ್ಲಿ ಚರ್ಚಿನಲ್ಲಿ ಇದ್ದಂತೆ ಇರಬೇಕು’ ಎಂಬ ಗಾದೆಯನ್ನು ಮಕ್ಕಳಿಗೆ ಇಂದೂ ಹೇಳಿಕೊಡುತ್ತಾರೆ. ಹುಟ್ಟು ಸಾವುಗಳೆರಡೂ ಆದ ಕೋಣೆಯೊಳಗೆ ಮೌನ ತಾನಾಗಿಯೇ ಬಂದಿರಬೇಕು ಎಂದು ನನಗನ್ನಿಸುತ್ತದೆ.

ಶನಿವಾರ ಸೌನದ ದಿನ. ಫಿನ್ನಿಶ್‌ನಲ್ಲಿ ಶನಿವಾರಕ್ಕಿರುವ ‘ಲಾವಂತಾಯ್’ ಎಂಬ ಹೆಸರು ಸ್ಕ್ಯಾಂಡಿನೇವಿಯಾದ ಹಳೆಯ ಭಾಷೆಯಿಂದ ಬಂದುದು. ಅದರ ಮೂಲ ಅರ್ಥವೇ ಸ್ನಾನದ ವಾರ. ಬೆವರು ಮನೆಗಳು ಒಂದು ಕಾಲದಲ್ಲಿ ಯುರೋಪಿನ ಬಹುಭಾಗದಲ್ಲಿದ್ದವು. ರೋಗಗಳ ಭಯ, ಸೌದೆಯ ಅಭಾವ, ನೀತಿಯ ಆಕ್ಷೇಪಗಳಿಂದ ಪಶ್ಚಿಮದಲ್ಲಿ ಅವು ಮುಚ್ಚಿಹೋದವು. ಕಾಡು ಹೇರಳವಾಗಿದ್ದು ಮನೆಗಳು ಒಂದಕ್ಕೊಂದು ದೂರವಿದ್ದ ಫಿನ್ಲೆಂಡ್, ಎಸ್ಟೋನಿಯಾ, ರಷ್ಯಾಗಳಲ್ಲಿ ಉಳಿದುಕೊಂಡವು. ಎಸ್ಟೋನಿಯಾದ ವೊರೊಮಾ ಪ್ರದೇಶದ ಹೊಗೆ ಸೌನ ಪದ್ಧತಿಯನ್ನು ಯುನೆಸ್ಕೋ 2014ರಲ್ಲೂ, ಫಿನ್ಲೆಂಡಿನ ಸೌನ ಸಂಸ್ಕೃತಿಯನ್ನು 2020ರ ಡಿಸೆಂಬರಿನಲ್ಲೂ ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಇಂದು ಸುಮಾರು 56 ಲಕ್ಷ ಜನರಿರುವ ಆ ದೇಶದಲ್ಲಿ 30 ಲಕ್ಷ ಸೌನಗಳಿವೆ ಎಂದು ಅಂದಾಜು. ಸಂಸತ್ ಭವನದಲ್ಲೂ ಒಂದಿದೆ. ತಮ್ಮ ಮಗಳ ಅಪಾರ್ಟ್‌ಮೆಂಟಿನ ಬಚ್ಚಲಿನ ಪಕ್ಕದಲ್ಲೇ ಬೀರುವಿನಷ್ಟು ಪುಟ್ಟ ವಿದ್ಯುತ್ ಸೌನವಿರಬಹುದು, ಇಲ್ಲವೇ ಕಟ್ಟಡದ ಎಲ್ಲ ಮನೆಗಳಿಗೂ ಸೇರಿ ಒಂದಿದ್ದು, ವಾರದಲ್ಲಿ ಇಂಥ ದಿನ ಇಂಥ ಗಂಟೆ ಎಂದು ಸರದಿ ಗೊತ್ತುಮಾಡಿರಬಹುದು. ಸಮಯವಿದ್ದರೆ ಹೆಲ್ಸಿಂಕಿಯ ಕಾಲ್ಲಿಯೋ ಬಡಾವಣೆಯಲ್ಲಿ 1928ರಿಂದ ನಡೆದುಬಂದಿರುವ ಕೋತಿಹಾರ್ಯು ಸಾರ್ವಜನಿಕ ಸೌನವನ್ನೂ, ತಾಂಪೆರೆ ನಗರದಲ್ಲಿ 1906ರಿಂದ ಇರುವ ರಾಯಾಪೋರ್ತ್ತಿಯನ್ನೂ ಹೊರಗಿನಿಂದಲಾದರೂ ನೋಡಿ. ಮನೆಯಲ್ಲಿ ಬಚ್ಚಲಿಲ್ಲದ ಕಾರ್ಮಿಕರು ವಾರದ ದಣಿವನ್ನು ತೊಳೆದುಕೊಳ್ಳುತ್ತಿದ್ದ ಜಾಗಗಳವು. ಈಗಲೂ ಮಿಂದವರು ಚಳಿಗಾಲದಲ್ಲೂ ಟವೆಲ್ ಸುತ್ತಿಕೊಂಡು ಬೀದಿಯ ಬದಿಯಲ್ಲಿ ಆರಾಮವಾಗಿ ಕೂತಿರುತ್ತಾರೆ.

ಸೌನದೊಳಗೆ ಬಿರುದು ಬಾವಲಿಗಳು ಬೆಲೆ ಕಳೆದುಕೊಳ್ಳುತ್ತವೆ ಎಂಬುದನ್ನು ಅವರು ರಾಜಕೀಯದಲ್ಲೂ ಬಳಸಿದ್ದಾರೆ. ಅಧ್ಯಕ್ಷ ಉರ್ಹೊ ಕೆಕ್ಕೊನೆನ್ ಅವರ 60ನೆಯ ಹುಟ್ಟುಹಬ್ಬಕ್ಕೆ 1960ರ ಸೆಪ್ಟೆಂಬರಿನಲ್ಲಿ ಬಂದ ಸೋವಿಯತ್ ನಾಯಕ ನಿಕಿತಾ ಕ್ರುಶ್ಚೇವ್ ಹೆಲ್ಸಿಂಕಿಯ ಅಧ್ಯಕ್ಷರ ಮನೆಯ ಸೌನದಲ್ಲಿ ಬೆಳಗಿನ ಜಾವದವರೆಗೆ ಅವರೊಡನೆ ಮಾತಾಡಿದರು. ಮರುವರ್ಷ ಫಿನ್ಲೆಂಡ್ ಪಶ್ಚಿಮ ಯುರೋಪಿನ ಮುಕ್ತ ವ್ಯಾಪಾರ ಕೂಟದೊಡನೆ ಒಪ್ಪಂದ ಮಾಡಿಕೊಳ್ಳಲು ಸೋವಿಯತ್ ಅಡ್ಡಿ ಬರಲಿಲ್ಲ. ಇದಕ್ಕೆ ವಿರುದ್ಧವಾದ ಒಂದು ಉದಾಹರಣೆಯನ್ನೂ ಹೇಳಲೇಬೇಕು. ಹೈನೊಲ ಎಂಬ ಊರಿನಲ್ಲಿ 1999ರಿಂದ ಸೌನದಲ್ಲಿ ಯಾರು ಹೆಚ್ಚು ಹೊತ್ತು ಕೂರುತ್ತಾರೆಂಬ ‘ವಿಶ್ವ’ ಸ್ಪರ್ಧೆ ನಡೆಯುತ್ತಿತ್ತು. 110 ಡಿಗ್ರಿ ಶಾಖದಲ್ಲಿ ಅರ್ಧ ನಿಮಿಷಕ್ಕೊಮ್ಮೆ ನೀರು ಹಾಕುತ್ತಿದ್ದರು. 2010ರ ಅಂತಿಮ ಸುತ್ತಿನಲ್ಲಿ ಒಬ್ಬ ಸ್ಪರ್ಧಿ ಸತ್ತ ಮೇಲೆ ಅದು ನಿಂತುಹೋಯಿತು. ಸೌನವನ್ನು ಸಹನೆಯ ಪರೀಕ್ಷೆಯಾಗಿ ಮಾಡುವುದು ಆ ಪರಂಪರೆಗೆ ಮಾಡುವ ಅವಮರ್ಯಾದೆ ಎಂಬುದು ನನ್ನ ಖಚಿತ ಅಭಿಪ್ರಾಯ. ಸಾಕೆನಿಸಿದಾಗ ಎದ್ದು ಬರುವುದು ಅಲ್ಲಿ ಯಾರಿಗೂ ಸೋಲಲ್ಲ.

ಬಟ್ಟೆಯ ವಿಷಯ. ಹೌದು, ಫಿನ್ನರು ಸೌನದಲ್ಲಿ ಬಟ್ಟೆ ಇಲ್ಲದೆಯೇ ಕೂರುತ್ತಾರೆ. ಅದನ್ನು ಮೈ ತೊಳೆಯುವ ಕೋಣೆ ಎಂದು ತಿಳಿದವರಿಗೆ ಅದರಲ್ಲಿ ಬೇರಾವ ಭಾವನೆಯೂ ಇರುವುದಿಲ್ಲ. ಒಂದೇ ಮನೆಯವರು ಒಟ್ಟಿಗೆ ಹೋಗುತ್ತಾರೆ. ಅತಿಥಿಗಳಿದ್ದಾಗ ಸಾಮಾನ್ಯವಾಗಿ ಗಂಡಸರು ಒಂದು ಸರದಿ, ಹೆಂಗಸರು ಇನ್ನೊಂದು ಸರದಿ. ಈಜುಕೊಳಗಳಲ್ಲಿ ಈಜುಡುಪು ತೊಟ್ಟು ಸೌನಕ್ಕೆ ಹೋಗುವುದನ್ನೇ ಶುಚಿತ್ವದ ಕಾರಣಕ್ಕೆ ನಿಷೇಧಿಸಿರುತ್ತಾರೆ. ಗಂಡಸರು ಹೆಂಗಸರು ಒಟ್ಟಿಗೆ ಕೂರುವ ಹೊಸ ಕಾಲದ ಸೌನಗಳಲ್ಲಿ ಅದೇ ಉಡುಪು ಕಡ್ಡಾಯ. ಆದರೆ ಮನೆಗೆ ಕರೆದವರು ತಮ್ಮನ್ನು ಯಾವುದಕ್ಕೂ ಬಲವಂತ ಮಾಡುವುದಿಲ್ಲ. ದೊಡ್ಡ ಟವೆಲ್ ಅಥವಾ ತೆಳುವಾದ ಹತ್ತಿ ಬಟ್ಟೆ ಸುತ್ತಿಕೊಂಡು ಬರುತ್ತೇನೆಂದು ಅಳಿಯನ ಮೂಲಕ ಮೊದಲೇ ತಿಳಿಸಿದರೆ ಸಾಕು. ತಾವೂ ತಮ್ಮ ಮಗಳೂ ಮನೆಯ ಯಜಮಾನಿಯ ಜೊತೆ, ಅಥವಾ ಬರಿ ತಮ್ಮ ಮನೆಯವರೇ ಬೇರೆಯಾಗಿ ಹೋಗಲು ಬಯಸಿದರೂ ಅವರು ಸಂತೋಷದಿಂದ ವ್ಯವಸ್ಥೆ ಮಾಡುತ್ತಾರೆ. ಒಳಗೆ ಹೋಗುವ ಮೊದಲು ಸಾದಾ ನೀರಿನಲ್ಲಿ ಮೈ ತೊಳೆದುಕೊಳ್ಳಿ, ಹಲಗೆಯ ಮೇಲೆ ಹಾಸಿ ಕೂರಲು ಒಂದು ಚಿಕ್ಕ ಬಟ್ಟೆ ಇಟ್ಟುಕೊಳ್ಳಿ. ಬಳೆ, ಸರ, ಕಿವಿಯ ಓಲೆಗಳನ್ನು ತೆಗೆದಿಡಿ; ಲೋಹ ಬೇಗ ಕಾಯುತ್ತದೆ, ಮಾಂಗಲ್ಯವನ್ನು ತೆಗೆಯಲು ಮನಸ್ಸಿಲ್ಲದಿದ್ದರೆ ಒದ್ದೆ ಬಟ್ಟೆಯೊಳಗೆ ಮುಚ್ಚಿಟ್ಟುಕೊಳ್ಳಿ. ಸೌಟು ತಮ್ಮ ಕೈಗೆ ಬಂದರೆ, ನೀರು ಹಾಕುವ ಮೊದಲು ಜೊತೆಗಿದ್ದವರನ್ನು ‘ಹಾಕಲೇ?’ ಎಂದು ಕೇಳುವುದು ಅಲ್ಲಿಯ ಮರ್ಯಾದೆ.

ಇನ್ನು ಯಜಮಾನರ ಆರೋಗ್ಯ. ಪೂರ್ವ ಫಿನ್ಲೆಂಡಿನ 2,315 ಮಧ್ಯವಯಸ್ಕ ಗಂಡಸರನ್ನು ಸುಮಾರು 20 ವರ್ಷ ಗಮನಿಸಿದ ಅಧ್ಯಯನವೊಂದರ ಫಲಿತಾಂಶ 2015ರಲ್ಲಿ ಪ್ರಕಟವಾಯಿತು. ವಾರಕ್ಕೆ ನಾಲ್ಕರಿಂದ ಏಳು ಬಾರಿ ಸೌನಕ್ಕೆ ಹೋಗುವವರಲ್ಲಿ, ಒಂದೇ ಬಾರಿ ಹೋಗುವವರಿಗೆ ಹೋಲಿಸಿದರೆ, ಹೃದಯದ ತೊಂದರೆಯಿಂದ ಹಠಾತ್ತನೆ ಆಗುವ ಸಾವು ಗಣನೀಯವಾಗಿ ಕಡಿಮೆಯಿತ್ತು. ಇದನ್ನು ಓದಿ ಸೌನವೇ ಔಷಧಿ ಎಂದು ತಿಳಿಯಬಾರದು. ವಾರಕ್ಕೆ ಅಷ್ಟು ಸಲ ಹೋಗುವಷ್ಟು ಬಿಡುವು, ನೆಮ್ಮದಿ, ಆರೋಗ್ಯ ಇರುವವರು ಮೊದಲಿನಿಂದಲೇ ಗಟ್ಟಿಯಾಗಿರಬಹುದು. ಬಾಲ್ಯದಿಂದ ಅಭ್ಯಾಸವಿರುವ ಅವರ ಫಲಿತಾಂಶ ಮೊದಲ ಬಾರಿ ಕೂರುವ 68 ವರ್ಷದವರಿಗೆ ಹಾಗೆಯೇ ಹೊಂದುವುದೂ ಇಲ್ಲ. ಶಾಖಕ್ಕೆ ಚರ್ಮದ ರಕ್ತನಾಳಗಳು ಹಿಗ್ಗಿ ರಕ್ತದೊತ್ತಡ ಇಳಿಯುತ್ತದೆ, ನಾಡಿ ವೇಗವಾಗಿ ನಡೆದಾಗ ಆಗುವಷ್ಟು ಏರುತ್ತದೆ. ಇದರ ಮೇಲೆ ಬಿ.ಪಿ. ಮಾತ್ರೆಯ ಪರಿಣಾಮವೂ ಸೇರಿದರೆ ಎದ್ದು ನಿಂತೊಡನೆ ತಲೆ ತಿರುಗಬಹುದು. ಆದ್ದರಿಂದ ಅವರು ಕೆಳಗಿನ ಹಲಗೆಯಲ್ಲಿ ಐದರಿಂದ ಎಂಟು ನಿಮಿಷ ಮಾತ್ರ ಕೂರಲಿ, ಏಳುವ ಮುನ್ನ ಒಂದು ನಿಮಿಷ ಕಾಲು ಇಳಿಬಿಟ್ಟು ಕೂತು ನಿಧಾನವಾಗಿ ಏಳಲಿ, ಒಬ್ಬರೇ ಒಳಗಿರುವುದು ಬೇಡ. ಮೊದಲೂ ಆಮೇಲೂ ನೀರು ಕುಡಿಯಲಿ. ಮದ್ಯ ಖಂಡಿತ ಬೇಡ. ಇತರರು ಸೌನದಿಂದ ನೇರವಾಗಿ ಸರೋವರಕ್ಕೆ ಧುಮುಕುವುದನ್ನು ಕಂಡು ಅವರೂ ಹಾಗೆ ಮಾಡಬಾರದು: ತಣ್ಣೀರು ತಾಗಿದೊಡನೆ ರಕ್ತನಾಳಗಳು ಕುಗ್ಗಿ ಒತ್ತಡ ಥಟ್ಟನೆ ಏರುತ್ತದೆ. ಜಗಲಿಯ ಮೇಲೆ ತಂಗಾಳಿಗೆ ಕೂತರೂ ಸುಖ ಕಡಿಮೆಯಾಗುವುದಿಲ್ಲ. ಇತ್ತೀಚೆಗೆ ಹೃದಯಾಘಾತವಾಗಿದ್ದರೆ, ವಿಶ್ರಾಂತಿಯಲ್ಲೂ ಎದೆ ನೋವು ಬರುತ್ತಿದ್ದರೆ, ಹೃದಯದ ಕವಾಟ ತೀವ್ರವಾಗಿ ಕಿರಿದಾಗಿದ್ದರೆ, ಅಥವಾ ಒತ್ತಡ ಹತೋಟಿಗೆ ಬಾರದಿದ್ದರೆ ಒಳಗೆ ಹೋಗಲೇಬಾರದು.

ಅವರು ಕರೆದಿರುವ ಹಬ್ಬ ಯುಹನ್ನುಸ್ ಎಂಬ ನಡುಬೇಸಗೆಯ ಹಬ್ಬ. ಜೂನ್ 20ರಿಂದ 26ರ ನಡುವೆ ಬರುವ ಶನಿವಾರ ಅದರ ದಿನ, ಹಿಂದಿನ ಶುಕ್ರವಾರದ ಸಂಜೆಯೇ ಎಲ್ಲ ಸಂಭ್ರಮ. ಹೆಲ್ಸಿಂಕಿಯ ಸುತ್ತ ಆಗ ಹಗಲು ಸುಮಾರು 19 ಗಂಟೆ ಇರುತ್ತದೆ. ಸೌನದ ಬಾಗಿಲಿಗೆ ಎರಡು ಕಡೆಯಲ್ಲೂ ಬರ್ಚ್ ಮರದ ಎಳೆಯ ಗಿಡಗಳನ್ನು ಕಟ್ಟಿರುತ್ತಾರೆ. ಹಿಂದಿನವರು ಬರೆಯಲು ಬಳಸಿದ ಭೂರ್ಜಪತ್ರದ ಮರ ಇದೇ ಕುಲಕ್ಕೆ ಸೇರಿದ್ದು. ‘ಭೂರ್ಜ’, ‘ಬರ್ಚ್’ ಎರಡೂ ಒಂದೇ ಬೇರಿನ ಪದಗಳು. ಎಲೆ ಬಲಿತು ಟೊಂಗೆಗೆ ಗಟ್ಟಿಯಾಗಿ ಅಂಟಿಕೊಂಡಿರುವ ಈ ದಿನಗಳಲ್ಲೇ ಎಲೆಸಹಿತ ಕಡ್ಡಿಗಳನ್ನು ಮುರಿದು, ಬುಡವನ್ನು ತಿರುಚಿದ ಹಸಿ ಕಡ್ಡಿಯಿಂದಲೇ ಬಿಗಿದು, ಕೈಪೊರಕೆಯಷ್ಟು ದೊಡ್ಡ ಕಟ್ಟು ಮಾಡುತ್ತಾರೆ. ಪಶ್ಚಿಮದವರು ಅದನ್ನು ವಿಹ್ತ ಎಂದೂ ಪೂರ್ವದವರು ವಸ್ತ ಎಂದೂ ಕರೆಯುತ್ತಾರೆ. ಯಾವ ಹೆಸರು ಸರಿ ಎಂಬ ವಾದ ಅಲ್ಲಿ ಇನ್ನೂ ಮುಗಿದಿಲ್ಲ. ಅದನ್ನು ಬೆಚ್ಚನೆಯ ನೀರಿನಲ್ಲಿ ನೆನೆಸಿ ಹೆಗಲು, ಬೆನ್ನು, ಕಾಲುಗಳ ಮೇಲೆ ಮೆಲ್ಲಗೆ ಬಡಿದುಕೊಂಡಾಗ ಮಳೆ ಬಿದ್ದ ಕಾಡಿನ ವಾಸನೆ ಕೋಣೆಯೆಲ್ಲ ಹರಡುತ್ತದೆ. ಆತಿಥೇಯರು ತಮ್ಮ ಕೈಗೂ ಒಂದನ್ನು ಕೊಡುವರು, ಹಿಂಜರಿಯದೆ ತೆಗೆದುಕೊಳ್ಳಿ. ಮಿಂದ ಮೇಲೆ ಜಗಲಿಯಲ್ಲಿ ಕೂತಾಗ ಸೌನದ ಕಲ್ಲಿನ ಮೇಲೆ ಬೇಯಿಸಿದ ಮಾಂಸದ ಸಾಸೇಜ್ ಕೊಡುವ ರೂಢಿಯಿದೆ. ತಾವು ಸಸ್ಯಾಹಾರಿಗಳಾದರೆ ಅಳಿಯ ಮುಂಚೆಯೇ ತಿಳಿಸಿರಲಿ. ಅದೇ ಕಲ್ಲಿನ ಮೇಲೆ ಆಲೂಗಡ್ಡೆ ಬೇಯಿಸಿ ಕೊಡುತ್ತಾರೆ, ಆ ತಿಂಗಳ ಹೊಸ ಆಲೂಗಡ್ಡೆ ಬಹಳ ರುಚಿ. ಹೊರಡುವಾಗ ಸೌನ ಕಾಯಿಸಿದವರ ಕಡೆ ತಿರುಗಿ ‘ಕೀತೊಸ್ ಲೊಯ್ಲುಸ್ತ’ ಎನ್ನಿ. ಲೊಯ್ಲು ಕೊಟ್ಟದ್ದಕ್ಕೆ ವಂದನೆ ಎಂದು ಅದರ ಅರ್ಥ.